ಅತ್ತೆಯವರಿಗೆ ಮೊಟ್ಟೆಯಿಲ್ಲದ ಕೇಕು, ಮಾವನವರಿಗೆ ಖಾರಾ ಬಿಸ್ಕತ್ತು

ಅತ್ತೆಯವರು ಮೊಟ್ಟೆಯನ್ನು ಮುಟ್ಟುವುದಿಲ್ಲ, ಮಾವನವರಿಗೆ ಸಕ್ಕರೆ ಕಾಯಿಲೆ, ಮಗಳಿಗೆ ಚಾಕೊಲೇಟ್ ಬಿಟ್ಟರೆ ಬೇರೆ ರುಚಿ ಬೇಡ. ಇಂಥ ಮನೆಯಲ್ಲಿ ಎಲ್ಲೋ ಓದಿದ ಕೇಕಿನ ವಿಧಾನವನ್ನು ಇದ್ದದ್ದು ಇದ್ದಂತೆ ಮಾಡುವ ಮಾತೇ ಬರುವುದಿಲ್ಲ. ಬದಲಿಸಿಕೊಳ್ಳುವುದು ಅನಿವಾರ್ಯ. ಆದರೆ ಒಂದು ಪದಾರ್ಥವನ್ನು ಕೈಬಿಡುವ ಮುನ್ನ ಅದು ಆ ಹಿಟ್ಟಿನಲ್ಲಿ ಏನೇನು ಕೆಲಸ ಮಾಡುತ್ತಿತ್ತು ಎಂದು ತಿಳಿಯದಿದ್ದರೆ, ಅದರ ಜಾಗಕ್ಕೆ ತಂದದ್ದು ಎಷ್ಟೇ ಉತ್ತಮವಾಗಿದ್ದರೂ ಕೇಕು ಹದಕ್ಕೆ ಬರುವುದಿಲ್ಲ.

ಮೊಟ್ಟೆಯನ್ನೇ ನೋಡೋಣ. ಸಿಪ್ಪೆ ತೆಗೆದರೆ ಸುಮಾರು 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಉಳಿದ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಕೇಕಿಗೆ ಆಕಾರ ಕೊಡುತ್ತದೆ, ಹಳದಿ ಭಾಗ ಎಣ್ಣೆಯನ್ನೂ ನೀರನ್ನೂ ಬೆರೆಸಿ ಹಿಡಿಯುತ್ತದೆ, ಕಡೆದಾಗ ಒಳಸೇರಿದ ಗಾಳಿ ಕೇಕನ್ನು ಉಬ್ಬಿಸುತ್ತದೆ. ಇಷ್ಟನ್ನೂ ಒಬ್ಬಂಟಿಯಾಗಿ ಮಾಡಬಲ್ಲ ಇನ್ನೊಂದು ಪದಾರ್ಥ ನಮ್ಮ ಅಡುಗೆಮನೆಯಲ್ಲಿಲ್ಲ. ಹತ್ತಿರಕ್ಕೆ ಬರುವುದು ಮೊಸರು ಮತ್ತು ಅಡುಗೆ ಸೋಡಾದ ಜೋಡಿ. ಮೊಸರಿನ ಹುಳಿ ಸೋಡಾದೊಡನೆ ಸೇರಿ ಇಂಗಾಲದ ಡೈಆಕ್ಸೈಡನ್ನು ಬಿಡುಗಡೆ ಮಾಡುತ್ತದೆ, ಆ ಗುಳ್ಳೆಗಳು ಕೇಕನ್ನು ಎತ್ತುತ್ತವೆ. ನಾನು ಒಂದೂವರೆ ಕಪ್ ಮೈದಾಗೆ ಒಂದು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ಅರ್ಧ ಚಮಚ ಸೋಡಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್ ಎಂಬ ಲೆಕ್ಕದಲ್ಲಿ ಕಲಸಿ, 180 ಡಿಗ್ರಿಯಲ್ಲಿ ಅರ್ಧ ಗಂಟೆಗೆ ತುಸು ಹೆಚ್ಚು ಹೊತ್ತು ಬೇಯಿಸುತ್ತೇನೆ. ಚಮಚವೆಂದರೆ ಇಲ್ಲಿ 5 ಮಿಲಿಲೀಟರಿನ ಅಳತೆ ಚಮಚ. ಇನ್ನಷ್ಟು ಉಬ್ಬಲಿ ಎಂದು ಸೋಡಾ ಹೆಚ್ಚಿಸಿದರೆ, ಅದನ್ನು ತಣಿಸುವಷ್ಟು ಹುಳಿ ಮೊಸರಿನಲ್ಲಿ ಉಳಿದಿರುವುದಿಲ್ಲವಾದ್ದರಿಂದ ಬಾಯಲ್ಲಿ ಸಾಬೂನಿನ ರುಚಿ ನಿಲ್ಲುತ್ತದೆ.

ಮೊಟ್ಟೆಯಿಲ್ಲದೆ ಬೇಯಿಸುವುದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ತೆರೆದ ಅಯ್ಯಂಗಾರ್ ಬೇಕರಿಯಿಂದ ಮೊದಲುಗೊಂಡು, ಹಾಸನದ ಕಡೆಯ ಕುಟುಂಬಗಳು ಊರೂರಿಗೆ ಒಯ್ದ ಬೇಕರಿಗಳಲ್ಲಿ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ತಿನ್ನುವ ಕೇಕು, ಬನ್ನು, ದಿಲ್‌ಪಸಂದ್‌ಗಳೆಲ್ಲ ಬೆಳೆದು ಬಂದಿವೆ. ಅತ್ತೆಯವರು ನನ್ನ ಕೇಕನ್ನು ಅಳೆಯುವುದೂ ಆ ಬೇಕರಿಯ ಕೇಕಿನ ಪಕ್ಕದಲ್ಲಿಟ್ಟೇ!

ಮೈದಾ ಬೇಡ, ರಾಗಿ ಹಾಕು ಎನ್ನುವ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತದೆ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ ಎಂಬುದು ನಿಜವೇ. ಆದರೆ ಗೋಧಿ, ಮೈದಾಗಳಿಗೆ ಅಂಟು ಕೊಡುವ ಗ್ಲುಟೆನ್ ಎಂಬ ಪ್ರೋಟೀನು ಅದರಲ್ಲಿ ಇಲ್ಲದ ಕಾರಣ ಗುಳ್ಳೆಗಳನ್ನು ಹಿಡಿದಿಡುವ ಜಾಲ ಕಟ್ಟುವುದಿಲ್ಲ. ಮೊಟ್ಟೆಯೂ ಇಲ್ಲದೆ ಪೂರ್ತಿ ರಾಗಿಯಲ್ಲೇ ಮಾಡಿದ ಕೇಕು ಕತ್ತರಿಸುವಾಗಲೇ ಪುಡಿಯಾಗಿ ಉದುರುತ್ತದೆ. ಮೂರರಲ್ಲಿ ಒಂದು ಪಾಲು ರಾಗಿ, ಉಳಿದದ್ದು ಮೈದಾ ಅಥವಾ ನಯವಾದ ಗೋಧಿ ಹಿಟ್ಟು ಎಂಬಲ್ಲಿಗೆ ನಾನು ನಿಂತಿದ್ದೇನೆ. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿಸಿ, ಅರ್ಧ ಗಂಟೆ ಮೊಸರಿನಲ್ಲಿ ನೆನೆಸಿದರೆ ತಿನ್ನುವಾಗ ನಾಲಗೆಗೆ ತರಿ ಸಿಗುವುದಿಲ್ಲ. ಸೋಡಾವನ್ನು ಮಾತ್ರ ನೆನೆದ ಮೇಲೆಯೇ ಹಾಕಬೇಕು, ಇಲ್ಲವಾದರೆ ಅದರ ಬಲವೆಲ್ಲ ಪಾತ್ರೆಯಲ್ಲೇ ಕಳೆದುಹೋಗುತ್ತದೆ. ರಾಗಿಯ ಕಂದು ಬಣ್ಣ ಕೋಕೋ ಪುಡಿಯೊಳಗೆ ಮರೆಯಾಗುವುದು ನನಗೆ ಸಿಕ್ಕ ಲಾಭ, ಮಗಳು ಅದನ್ನು ಗುರುತಿಸುವುದೇ ಇಲ್ಲ.

ಬೆಲ್ಲದ ವಿಷಯದಲ್ಲಿ ನನಗೆ ಸ್ವಲ್ಪ ತಕರಾರಿದೆ. ರುಚಿಗಾಗಿ, ತೇವಕ್ಕಾಗಿ ಬೆಲ್ಲ ಹಾಕುವುದು ಸರಿ. ಕರಗಿಸಿ ಸೋಸಿ, ಪೂರ್ತಿ ತಣಿದ ಮೇಲೆ ಬೆರೆಸಿ, ಮೇಲ್ಭಾಗ ಬೇಗ ಕಪ್ಪಾಗುವುದರಿಂದ ಓವನ್ನಿನ ಬಿಸಿಯನ್ನು 160ರ ಆಸುಪಾಸಿಗೆ ಇಳಿಸಿಕೊಂಡರೆ ಕೇಕು ಚೆನ್ನಾಗಿಯೇ ಬರುತ್ತದೆ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ ಆಗಿರುವಾಗ ಅದನ್ನು ಮಧುಮೇಹಿಗಳಿಗೆ ಹಿತವಾದ ತಿನಿಸೆಂದು ಬಡಿಸುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ಮಾವನವರಿಗೆ ಕೇಕಿನ ಬದಲು ಖಾರಾ ಬಿಸ್ಕತ್ತು. ಇದೂ ಹಿಟ್ಟಿನ ತಿಂಡಿಯೇ ಆದ್ದರಿಂದ ಎಣಿಸಿಯೇ ಕೊಡಬೇಕು. ಕಾಫಿಯ ಜೊತೆಗೆ ಎರಡು ಸಾಕು. ಗೋಧಿ ಹಿಟ್ಟು ಮತ್ತು ರಾಗಿ ಹಿಟ್ಟಿಗೆ ಜಜ್ಜಿದ ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಕರಿಬೇವು, ಕೊತ್ತಂಬರಿ ಸೊಪ್ಪು, ಜೀರಿಗೆ, ಉಪ್ಪು, ಬೆಣ್ಣೆ ಸೇರಿಸಿ, ಒಂದೆರಡು ಚಮಚ ಮೊಸರಿನಲ್ಲಿ ಕಲಸಿದರಾಯಿತು. ಇಲ್ಲಿ ರಾಗಿಯಲ್ಲಿ ಗ್ಲುಟೆನ್ ಇಲ್ಲದಿರುವುದೇ ಉಪಕಾರ, ಬಿಸ್ಕತ್ತು ಪುಡಿಪುಡಿಯಾಗಬೇಕಲ್ಲವೇ. ಅದೇ ಕಾರಣಕ್ಕೆ ಹಿಟ್ಟನ್ನು ಚಪಾತಿಗೆ ನಾದಿದಂತೆ ನಾದಬಾರದು. ಅಂಗಡಿಯ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಉಪ್ಪಿರುವುದರಿಂದ ಬೇರೆ ಉಪ್ಪನ್ನು ಕಡಿಮೆ ಮಾಡಬೇಕು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ತಣ್ಣೀರಿನಲ್ಲಿ ತೊಳೆದು ಮಜ್ಜಿಗೆಯ ಅಂಶವನ್ನೆಲ್ಲ ಹಿಂಡಿ ತೆಗೆಯದಿದ್ದರೆ ಬಿಸ್ಕತ್ತು ಮೆತ್ತಗಾಗುತ್ತದೆ. ಓವನ್ನಿನಿಂದ ತೆಗೆದಾಗ ಅದು ಮೆತ್ತಗೇ ಇರುವುದು ಸಹಜ, ಆರಿದ ಮೇಲೆ ಗರಿಗರಿಯಾಗುತ್ತದೆ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಹಬೆಯಾಡಿ ಕೆಡುತ್ತದೆ.

ಮಗಳ ಹುಟ್ಟುಹಬ್ಬದ ಕೇಕಿನಲ್ಲಿ ಮಾತ್ರ ಮೊಟ್ಟೆಯ ಜಾಗಕ್ಕೆ ಮೊಸರು ತರುವುದನ್ನು ಬಿಟ್ಟರೆ ಬೇರಾವ ಬದಲಾವಣೆಗೂ ನಾನು ಕೈಹಾಕುವುದಿಲ್ಲ. ಮೈದಾ ಮೈದಾವೇ, ಸಕ್ಕರೆ ಸಕ್ಕರೆಯೇ. ಮಾವನವರಿಗೆ ಆ ದಿನ ಬೆರಳಗಲದ ಒಂದು ತುಂಡು ಸಲ್ಲುತ್ತದೆ, ಉಳಿದದ್ದನ್ನು ಅವರ ಕಣ್ಣಿಗೆ ಬೀಳದ ಡಬ್ಬಿಯಲ್ಲಿಡುವ ಹೊಣೆ ಅತ್ತೆಯವರದು.