ಗುರುತಿಲ್ಲದವರ ಜೊತೆ ತಡಿಯಂಡಮೋಳ್

ಕೊಡಗಿನ ತಡಿಯಂಡಮೋಳ್ ಬೆಟ್ಟದ ಚಾರಣಕ್ಕೆಂದು ಶುಕ್ರವಾರ ರಾತ್ರಿ ಬೆಂಗಳೂರು ಬಿಡುವ ಟೆಂಪೊ ಟ್ರಾವೆಲರ್‌ನಲ್ಲಿ ಕಿಟಕಿ ಪಕ್ಕದ ಸೀಟುಗಳನ್ನು ಗೆಳೆಯರ ಗುಂಪುಗಳು ಮೊದಲೇ ಹಿಡಿದಿರುತ್ತವೆ. ಒಂಟಿಯಾಗಿ ಬಂದವರಿಗೆ ಉಳಿಯುವುದು ಕೊನೆಯ ಸಾಲು. ಹುಣಸೂರು ದಾಟುವವರೆಗೆ ಅದೂ ಪರವಾಗಿಲ್ಲ. ಗೋಣಿಕೊಪ್ಪ, ವಿರಾಜಪೇಟೆ ಆಚೆ ಕಕ್ಕಬ್ಬೆಯ ತಿರುವುಗಳಲ್ಲಿ ಕೊನೆಯ ಸಾಲಿನವರ ಹೊಟ್ಟೆ ಕಲಕುತ್ತದೆ. ವಾಂತಿ ಮಾಡಿಕೊಂಡು, ನಿದ್ದೆಗೆಟ್ಟು ಇಳಿದವರಿಗೆ ಬೆಟ್ಟ ಇನ್ನಷ್ಟು ಎತ್ತರವಾದಂತೆಯೇ. ಚಾರಣದ ಆಯೋಜಕರಿಗೆ ಫೋನ್ ಮಾಡಿ ಹಣ ಕಟ್ಟುವಾಗಲೇ ಮುಂದಿನ ಸೀಟು ಕೇಳಿಡಿ.

ಅದೇ ಫೋನಿನಲ್ಲಿ ಇನ್ನೂ ಕೆಲವು ಪ್ರಶ್ನೆ ಕೇಳಬೇಕು. ಗುಂಪಿನಲ್ಲಿ ಎಷ್ಟು ಜನ, ಗೈಡ್ ಎಷ್ಟು ಮಂದಿ? ಎಲ್ಲರಿಗಿಂತ ಹಿಂದೆ ನಡೆಯಲು ಒಬ್ಬರನ್ನು ನೇಮಿಸಿದ್ದಾರಾ? ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ನಿಮ್ಮ ಹೆಸರಿನಲ್ಲಿ ಆಗಿದೆಯಾ? ಹೋಮ್‌ಸ್ಟೇಯಲ್ಲಿ ಕೋಣೆ ಯಾರ ಜೊತೆ? ‘ಅಲ್ಲಿ ಹೋದಮೇಲೆ ನೋಡೋಣ’ ಎಂಬ ಉತ್ತರ ಎರಡು ಪ್ರಶ್ನೆಗೆ ಬಂದರೆ ಬೇರೆ ಗುಂಪು ಹುಡುಕುವುದು ಲೇಸು. ಬುಕಿಂಗ್‌ಗೆ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿ ಜೇಬಿನಲ್ಲಿರಲಿ.

ನಡಿಗೆ ಶುರುವಾಗುವುದು ನಾಲ್ಕುನಾಡು ಅರಮನೆಯ ಬಳಿ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಲು ತೊಡಗಿದ ಎರಡಂತಸ್ತಿನ ಮನೆ ಇದು. 1834ರಲ್ಲಿ ಬ್ರಿಟಿಷರ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಬಂದು ಸೇರಿದ್ದೂ ಇಲ್ಲಿಗೇ. ಅರಮನೆ ನೋಡುವುದನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಬಿಸಿಲೇರುವ ಮೊದಲು ಹುಲ್ಲುಗಾವಲು ದಾಟಬಹುದು.

ಮೊದಲ ಎರಡು ಮೂರು ಕಿಲೋಮೀಟರ್ ಕಾಫಿ ತೋಟಗಳ ನಡುವಿನ ಜೀಪಿನ ದಾರಿ. ಒಂಟಿಯಾಗಿ ಬಂದವರು ಎಡವುವುದು ಇಲ್ಲೇ, ಕಲ್ಲಿಗಲ್ಲ, ಮಾತಿಗೆ. ಹೊಸ ಪರಿಚಯ, ಬಿಟ್ಟರೆ ಜೊತೆ ತಪ್ಪೀತೆಂಬ ಸಂಕೋಚ. ಹಾಗಾಗಿ ಮುಂದೆ ಓಡುವವರ ಕಾಲಿಗೆ ಕಾಲು ಕೂಡಿಸುತ್ತಾರೆ. ಒಂದೂವರೆ ಗಂಟೆಯಲ್ಲಿ ತೊಡೆಯ ಸ್ನಾಯು ಸೋತಿರುತ್ತದೆ, ಕಡಿದಾದ ಏರು ಇನ್ನೂ ಮುಂದೆಯೇ ಇರುತ್ತದೆ. ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ. ಹಿಂದಿನವರಿಗೆ ದಾರಿ ಬಿಟ್ಟುಕೊಡಿ. ಊಟದ ಹೊತ್ತಿಗೆ ಎಲ್ಲರೂ ಮತ್ತೆ ಸಿಕ್ಕೇ ಸಿಗುತ್ತಾರೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಗೆಳೆಯರ ನಡುವೆ ವಾಚಾಳಿಯೊಬ್ಬ ಸುಮ್ಮನಾದರೆ ‘ಏನಾಯ್ತೋ?’ ಎಂದು ಯಾರಾದರೂ ಕೇಳುತ್ತಾರೆ. ಗುರುತಿಲ್ಲದವರಿಗೆ ನೀವು ಮಾತು ಕಡಿಮೆಯ ಮನುಷ್ಯ, ಅಷ್ಟೇ. ನೀರು ಸಾಲದೆ ತಲೆ ಸುತ್ತಿದ್ದೋ, ಸಕ್ಕರೆ ಇಳಿದು ಕೈ ನಡುಗಿದ್ದೋ ಅವರ ಕಣ್ಣಿಗೆ ಬೀಳುವುದಿಲ್ಲ. ಆಸ್ತಮಾ, ಸಕ್ಕರೆ ಕಾಯಿಲೆ, ಹಳೆಯ ಮಂಡಿನೋವು ಇದ್ದರೆ ಹೊರಡುವ ಮೊದಲೇ ಗೈಡ್‌ಗೂ ಪಕ್ಕದಲ್ಲಿ ನಡೆಯುವ ಒಬ್ಬರಿಗೂ ಹೇಳಿ. ಇನ್‌ಹೇಲರ್ ಬ್ಯಾಗಿನ ಯಾವ ಜೇಬಿನಲ್ಲಿದೆ ಎಂಬುದನ್ನೂ ತೋರಿಸಿ. ಮೇಲೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂಥದ್ದಲ್ಲ.

ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದರೆ ಹುಲ್ಲುಗಾವಲು, ನಡುನಡುವೆ ಬೆಟ್ಟದ ಮಡಿಲಿನ ದಟ್ಟ ಶೋಲಾ ಕಾಡು. ನೆರಳಿಲ್ಲದ ಈ ಭಾಗಕ್ಕೇ ಮೂರು ಲೀಟರ್ ನೀರು ಬೇಕಾಗುವುದು. ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಕಲಸಿಟ್ಟುಕೊಳ್ಳಿ. ಗುಂಪಿನ ನೀರನ್ನು ನಂಬಬಾರದು, ಅದು ಯಾವಾಗಲೂ ಮುಂದೆ ಹೋದವರ ಬೆನ್ನ ಮೇಲಿರುತ್ತದೆ. ಮಂಜು ಕವಿದರೆ ಹುಲ್ಲಿನಲ್ಲಿ ದನ ನಡೆದ ಜಾಡೂ ಜನ ನಡೆದ ಜಾಡೂ ಒಂದೇ ಥರ ಕಾಣುತ್ತವೆ. ಮುಂದಿನವರ ಬೆನ್ನು ಕಾಣದಾದಾಗ ಹುಡುಕುತ್ತಾ ಹೋಗಬೇಡಿ. ನಿಂತು ಸೀಟಿ ಊದಿ, ಹಿಂದೆ ಬರುವವರಿಗೆ ಕಾಯಿರಿ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಸೀಟಿ ಸಾಕು.

ಕೊನೆಯ ಏರು ಶೋಲಾದೊಳಗೆ. ಬೇರು, ಒದ್ದೆ ಮಣ್ಣು, ಮಂಡಿಯೆತ್ತರದ ಮೆಟ್ಟಿಲಿನಂಥ ಕಲ್ಲು. ಮಳೆಗಾಲ ಮುಗಿದ ಹೊಸತರಲ್ಲಿ ಇಂಬಳಗಳ, ಅಂದರೆ ನೆಲದ ಜಿಗಣೆಗಳ, ಊರು. ತರಗೆಲೆಯ ಅಂಚಿನಲ್ಲಿ ದಾರದೆಳೆಯಷ್ಟು ಸಪೂರ ನಿಂತು ತಲೆಯಾಡಿಸುತ್ತಿರುತ್ತದೆ. ಬೂಟಿಗೆ ತಗುಲಿದ್ದೇ ತಡ, ಗೇಣು ಹಾಕುತ್ತಾ ಕಾಲ್ಚೀಲದ ಹೆಣಿಗೆ ಸಂದಿಗೆ ತೂರುತ್ತದೆ. ಪ್ಯಾಂಟನ್ನು ಉದ್ದನೆಯ ಕಾಲ್ಚೀಲದೊಳಗೆ ಸೇರಿಸಿ, ಮೇಲೆ ಉಪ್ಪು ಬೆರೆಸಿದ ಹೊಗೆಸೊಪ್ಪಿನ ಪುಡಿ ಸವರಬೇಕು. ಕಚ್ಚಿದ್ದರೆ ಎಳೆಯಬೇಡಿ, ಉಗುರಿನಿಂದ ಬಾಯಿಯ ಬದಿಗೆ ಸರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಬಹಳ ಹೊತ್ತು ಒಸರುತ್ತದೆ. ಬಟ್ಟೆ ಒತ್ತಿ ಕಟ್ಟಿಕೊಂಡು ನಡೆಯಿರಿ, ಗಾಬರಿ ಬೇಡ.

ತುದಿ 1,748 ಮೀಟರ್, ಕೊಡಗಿನಲ್ಲೇ ಎತ್ತರದ್ದು. ಅರಮನೆಯಿಂದ ಮೂರು ತಾಸು, ಗುಂಪು ದೊಡ್ಡದಾದರೆ ಮೂರೂವರೆ. ಗಾಳಿಗೆ ಬೆವರು ಆರುವಾಗ ಚಳಿ ಹಿಡಿಯುತ್ತದೆ, ಜಾಕೆಟ್ ಮೊದಲು, ಸೆಲ್ಫಿ ಆಮೇಲೆ. ಏಪ್ರಿಲ್, ಮೇ ತಿಂಗಳಲ್ಲಾದರೆ ಮಧ್ಯಾಹ್ನದ ಗುಡುಗು ಕೇಳುವ ಮೊದಲೇ ಇಳಿದಿರಬೇಕು. ಬೋಳು ನೆತ್ತಿಯ ಮೇಲೆ ಸಿಡಿಲಿಗೆ ನೀವೇ ಎತ್ತರದವರು.

ಹೆಚ್ಚಿನ ಪೆಟ್ಟು ಆಗುವುದು ಇಳಿಯುವಾಗ. ಸಡಿಲ ಜಲ್ಲಿಯ ಮೇಲೆ ಹಿಮ್ಮಡಿ ಊರಿದರೆ ಕಾಲು ಜಾರುತ್ತದೆ. ಮಂಡಿ ತುಸು ಬಗ್ಗಿಸಿ, ಸಣ್ಣ ಹೆಜ್ಜೆ ಇಡಿ. ಬೂಟಿನ ಲೇಸನ್ನು ಹಿಮ್ಮಡಿ ಅಲುಗದಂತೆ ಬಿಗಿದುಕೊಳ್ಳದಿದ್ದರೆ ಹೆಬ್ಬೆರಳು ಮುಂದಕ್ಕೆ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ. ಬೆಳಿಗ್ಗೆ ಓಡಿದವರು ಈಗ ಕೋಲು ಕೇಳುತ್ತಾರೆ. ಎರಡಿದ್ದರೆ ಒಂದು ಕೊಡಿ.

ಕೆಳಗೆ ಕಾಫಿ ಕುಡಿದು ವ್ಯಾನ್ ಹತ್ತುವ ಮೊದಲು ಕಾಲ್ಚೀಲ ಕಳಚಿ, ಒಳಹೊರಗು ಮಾಡಿ ಕೊಡವಿ. ಬೂಟಿನ ನಾಲಿಗೆಯ ಕೆಳಗೂ ನೋಡಿ. ಇಲ್ಲದಿದ್ದರೆ ಅಲ್ಲಿ ಅಡಗಿದ್ದ ಇಂಬಳ ಹುಣಸೂರಿನ ಹತ್ತಿರ, ಇನ್ನೂ ಹೆಸರೂ ಸರಿಯಾಗಿ ಗೊತ್ತಿಲ್ಲದ ಪಕ್ಕದ ಸೀಟಿನವರ ಹಿಮ್ಮಡಿಯಲ್ಲಿ ಸಿಗುತ್ತದೆ.