ನೀ ಹೀಂಗ ನೋಡಬ್ಯಾಡ ನನ್ನ

ಹುಬ್ಬಳ್ಳಿಗೆ ವರ್ಗವಾಗಿ ಬಂದ ಎರಡನೇ ವರ್ಷ. ಪರಿಚಯದವರೊಬ್ಬರು ಮಗನ ಆರತಕ್ಷತೆಗೆ ಭಾವಗೀತೆ ಹಾಡಲು ಕರೆದಿದ್ದರು. ಹಾರ್ಮೋನಿಯಂ ನನ್ನದೇ. ತಬಲಾಕ್ಕೆ ಧಾರವಾಡದ ಹಿರಿಯರೊಬ್ಬರು ಬಂದಿದ್ದರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಿಸಾರರ 'ಜೋಗದ ಸಿರಿ' ಆಯಿತು. ಕಂಬಾರರ 'ಕಾಡು ಕುದುರೆ' ಆಯಿತು. ಅದನ್ನು ಸಿನಿಮಾಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಿಂದ ವಕೀಲರು ಎಂದು ಮೈಕಿನಲ್ಲಿ ಹೇಳಿದಾಗ ಮುಂದಿನ ಸಾಲಿನವರು ತಲೆದೂಗಿದರು. ಹಾಡಿನ ಹಿಂದಿನ ಇಂಥ ಸಂಗತಿಗಳನ್ನು ಕೂಡಿಟ್ಟುಕೊಂಡು ನಡುನಡುವೆ ಹೇಳುವುದು ನನಗೆ ಮೊದಲಿನಿಂದಲೂ ಇಷ್ಟ. ಅಷ್ಟರಲ್ಲಿ ಮದುಮಗನ ಗೆಳೆಯರಿಂದ ಚೀಟಿ ಬಂತು. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಬೇಕಂತೆ.

ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಕ್ಯಾಸೆಟ್ಟಿನಿಂದ ಕಲಿತ ಹಾಡು ಅದು. ಮದುಮಗಳ ಕಡೆ ನೋಡಿ, ನಗುತ್ತ, ಕೊಂಚ ಚುರುಕಾಗಿಯೇ ಎತ್ತಿಕೊಂಡೆ. ಗೆಳೆಯರು ಸಿಳ್ಳೆ ಹಾಕಿದರು. ಎರಡನೇ ನುಡಿಗೆ ಬರುವಷ್ಟರಲ್ಲಿ ತಬಲಾ ಹಿಂದೆ ಎಳೆಯುತ್ತಿದೆ ಅನ್ನಿಸಿತು. ಕಾಕಾ ಕಡೆ ನೋಡಿದೆ. ಅವರು ತಲೆ ತಗ್ಗಿಸಿಕೊಂಡು ನುಡಿಸುತ್ತಿದ್ದರು.

ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತರು. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಅಂದರು: "ಚಂದ ಹಾಡಿದಿ ತಂಗಿ. ಆದ್ರ ಅದು ಮದುವಿ ಮನ್ಯಾಗ ಹಾಡೂ ಹಾಡಲ್ಲವಾ. ಕೂಸು ತೀರಿಕೊಂಡಾಗ ಹೆಂಡತಿ ನೋಡಿದ ನೋಟ ತಡಕೊಳ್ಳಲಾರದ ಅಜ್ಜಾರು ಬರದದ್ದು."

ಬಾಯಿಗಿಟ್ಟ ತುತ್ತು ಒಳಗಿಳಿಯಲಿಲ್ಲ. ಆ ಮದುಮಗಳ ಎದುರು, ಅದೂ ಹೊಸ ಬಾಳಿನ ಮೊದಲ ಸಂಜೆ, ನಾನು ಏನು ಹಾಡಿಬಿಟ್ಟೆ!

ಮನೆಗೆ ಬಂದವಳೇ ಪುಸ್ತಕ ತೆಗೆದೆ. ಪದಗಳೆಲ್ಲ ಬಾಯಿಪಾಠವಾಗಿದ್ದವೇ. "ಅತ್ತಾರೆ ಅತ್ತುಬಿಡು" ಅನ್ನುತ್ತಾನೆ ಗಂಡ. "ನಕ್ಯಾಕ ಮರೆಸತಿ ದುಃಖ" ಎಂದು ಕೇಳುತ್ತಾನೆ. ತುಟಿ ಕಚ್ಚಿ ಬಿಕ್ಕನ್ನು ಹಿಡಿಯಬೇಡ ಅನ್ನುತ್ತಾನೆ. ಇಷ್ಟು ಬಿಚ್ಚಿ ಹೇಳಿದ್ದನ್ನು ಇಷ್ಟು ವರ್ಷ ಸರಸದ ಮಾತೆಂದು ಹೇಗೆ ಹಾಡಿದೆ? ನಮ್ಮ ಕಡೆಯವರಿಗೆ ಧಾರವಾಡದ ಮಾತು ಕಿವಿಗೆ ಇಂಪು. ಆ ಇಂಪಿನಲ್ಲೇ ಅರ್ಥ ಜಾರಿಹೋಗಿತ್ತು. ರಾಗವೂ ಮುದ್ದಾಗಿದ್ದರೆ ಕೇಳುವವರು ಮೊದಲ ಸಾಲಿನಾಚೆ ಹೋಗುವುದೇ ಇಲ್ಲ.

ಮರುವಾರ ಧಾರವಾಡಕ್ಕೆ ಹೋಗಿ, ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ 'ಶ್ರೀಮಾತಾ'ದ ಮುಂದೆ ಸುಮ್ಮನೆ ನಿಂತು ಬಂದೆ. ಮುಂದೆ ಜ್ಞಾನಪೀಠ ಪಡೆದ ಕವಿ ಅವರು. ನನಗೆ ಅವತ್ತು ನೆನಪಾದದ್ದು ಅವರ ಹೆಂಡತಿ ಲಕ್ಷ್ಮೀಬಾಯಿ. ಅಳದೆ ನೋಡಿದ ಆ ತಾಯಿ. ಹಾಡಿನ ತುಂಬ ಇರುವುದು ಅವರ ಮುಖವೇ, ಕಣ್ಣು, ತುಟಿ, ತಡೆಹಿಡಿದ ಉಸಿರು. ಅವರು ಮಾತ್ರ ಒಂದು ಮಾತೂ ಆಡುವುದಿಲ್ಲ.

ಆರತಕ್ಷತೆಗಳಲ್ಲಿ ಈಗ ಈ ಹಾಡಿಗೆ ಚೀಟಿ ಬಂದರೆ ಕೈಮುಗಿದು ಬೇರೆಯದು ಹಾಡುತ್ತೇನೆ. ಬೇರೆ ಸಭೆಗಳಲ್ಲಿ ಹಾಡುವುದುಂಟು, ನಿಧಾನವಾಗಿ, ಕಣ್ಣು ಮುಚ್ಚಿಕೊಂಡು. "ನೀ ಹೀಂಗ ನೋಡಿದರ ನನ್ನ" ಆದಮೇಲೆ ಒಂದು ಉಸಿರಿನಷ್ಟು ನಿಲ್ಲುತ್ತೇನೆ. ಅಲ್ಲಿ ಕಾಕಾ ಬೆರಳುಗಳನ್ನು ತಬಲಾದಿಂದ ಮೇಲೆತ್ತಿಬಿಡುತ್ತಾರೆ.