ಬಸಂತರ್‌ನ ಹುಡುಗ

16 ಡಿಸೆಂಬರ್ 2024, ಸೋಮವಾರ, ರಾತ್ರಿ

ಸಂಜೆ ಪಕ್ಕದ ಮನೆ ಹುಡುಗ ಬಂದು ಕೇಳಿದ: "ಅಂಕಲ್, ಟ್ಯಾಂಕಿಗೆ ಬೆಂಕಿ ಹತ್ತಿಕೊಂಡ ಮೇಲೂ ಅರುಣ್ ಖೇತರ್‌ಪಾಲ್ ಯಾಕೆ ಇಳಿಯಲಿಲ್ಲ? ಇಳಿ ಅಂತ ಮೇಲಿನವರೇ ಹೇಳಿದ್ದರಂತಲ್ಲ?" ಅರುಣ್ 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಬಸಂತರ್ ನದಿಯ ಬಳಿ ಮಡಿದ ನಮ್ಮ ಟ್ಯಾಂಕ್ ಅಧಿಕಾರಿ. ಇವತ್ತು ಆ ಯುದ್ಧ ಗೆದ್ದ ವಿಜಯ ದಿವಸ, ಶಾಲೆಯಲ್ಲಿ ಭಾಷಣ ಕೇಳಿ ಬಂದಿದ್ದ. ಧೈರ್ಯ ಇತ್ತು, ಅದಕ್ಕೇ ಇಳಿಯಲಿಲ್ಲ ಎಂದರೆ ಅವನಿಗೆ ಸಾಕಾಗಲಿಲ್ಲ. ಸಾಕಾಗಬಾರದು ಕೂಡ.

ನೋಡು ಮಗಾ, ಅಂದೆ. ಸೆಂಚುರಿಯನ್ ಟ್ಯಾಂಕ್ ಸುಮಾರು 50 ಟನ್ ಭಾರ. ಒಳಗೆ ನಾಲ್ಕೇ ಜನ. ಮುಂದೆ ತಗ್ಗಿನಲ್ಲಿ ಚಾಲಕ. ಮೇಲೆ ತಿರುಗುವ ಗೋಪುರದಲ್ಲಿ ಗುರಿಕಾರ, ಗುಂಡು ತುಂಬುತ್ತ ರೇಡಿಯೊ ನೋಡಿಕೊಳ್ಳುವವನು, ಕಮಾಂಡರ್. ಕವಚ ತೂರಿ ಬಂದ ಗುಂಡು ಒಳಗೆ ಚೂರುಚೂರಾಗಿ ಹಾರುತ್ತದೆ. ಅದಕ್ಕಿಂತ ದೊಡ್ಡ ಭಯ ಬೆಂಕಿಯದ್ದು. ಕೈಗೆಟುಕುವಷ್ಟು ಹತ್ತಿರದಲ್ಲೇ ಮದ್ದುಗುಂಡು ಜೋಡಿಸಿಟ್ಟಿರುತ್ತದೆ, ಕಿಡಿ ಅಲ್ಲಿಗೆ ಮುಟ್ಟಿದರೆ ಮುಗಿಯಿತು. ಹಾಗಾಗಿ ಬೆಂಕಿ ಕಂಡರೆ ಇಳಿ ಎನ್ನುವ ಆದೇಶ ತಪ್ಪೇನಲ್ಲ. ಆದರೆ ತೋಪು ಕೆಟ್ಟಿರಲಿಲ್ಲ. ನನ್ನ ತೋಪು ಇನ್ನೂ ಕೆಲಸ ಮಾಡುತ್ತಿದೆ, ಟ್ಯಾಂಕ್ ಬಿಡುವುದಿಲ್ಲ ಎಂದು ಅರುಣ್ ರೇಡಿಯೊದಲ್ಲಿ ಹೇಳಿದ.

ಆ ಮಾತಿನ ತೂಕ ಗೊತ್ತಾಗಬೇಕಾದರೆ ಹಿಂದಿನ ರಾತ್ರಿಗೆ ಹೋಗಬೇಕು. ಪಾಕಿಸ್ತಾನದ ಶಕರ್‌ಗಢ ಭಾಗದ ಬಸಂತರ್ ನಮ್ಮ ಕಾವೇರಿಯಂಥ ನದಿಯಲ್ಲ, ಅಲ್ಲಿ ಟ್ಯಾಂಕಿಗೆ ನೀರಿಗಿಂತ ಹೆಚ್ಚಿನ ತಡೆ ಹೂತಿಟ್ಟ ಮೈನುಗಳು. ಕಾಲಾಳುಗಳು ಆಗಲೇ ಆಚೆ ಹೋಗಿ ನೆಲ ಹಿಡಿದಿದ್ದರು. ಟ್ಯಾಂಕುಗಳಿಗೆ ದಾರಿ ಮಾಡುವುದು ಇಂಜಿನಿಯರ್‌ಗಳ ಕೆಲಸ. ಅವರು ಅರ್ಧ ಕೆಲಸದಲ್ಲಿದ್ದಾಗ ಶತ್ರು ಟ್ಯಾಂಕುಗಳು ಕದಲುತ್ತಿವೆ ಎಂಬ ಸುದ್ದಿ ಬಂತು. ಅರುಣ್‌ನ ಟ್ಯಾಂಕ್ ರೆಜಿಮೆಂಟು 17 ಪೂನಾ ಹಾರ್ಸ್ ಕಾಯಲಿಲ್ಲ, ಪೂರ್ತಿ ತೆರವಾಗದ ದಾರಿಯಲ್ಲೇ ನುಗ್ಗಿತು. ಮೈನು ಸಾಮಾನ್ಯವಾಗಿ ಟ್ಯಾಂಕಿನ ಚಕ್ರಗಳಿಗೆ ಸುತ್ತಿದ ಉಕ್ಕಿನ ಪಟ್ಟಿಯನ್ನು ಹರಿಯುತ್ತದೆ, ಪಟ್ಟಿ ಹರಿದರೆ ಟ್ಯಾಂಕ್ ನಿಂತಲ್ಲೇ ನಿಂತಿತು. ಒಂಟಿ ಸಾಲಿನ ದಾರಿಯಲ್ಲಿ ಒಂದು ನಿಂತರೆ ಹಿಂದಿನವೆಲ್ಲ ನಿಂತಂತೆ. ಅರುಣ್‌ನ ಅಪ್ಪ ಸೇನೆಯ ಇಂಜಿನಿಯರ್ ಅಧಿಕಾರಿ. ಮಗ ದಾಟಿದ್ದು ಅಪ್ಪನ ವೃತ್ತಿಯವರು ಅರೆಬರೆ ಬಿಡಿಸಿಕೊಟ್ಟ ದಾರಿಯನ್ನು. ಇದು ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಬೆಳಿಗ್ಗೆ ಎಂಟರ ಹೊತ್ತಿಗೆ ಜರ್ಪಾಲ್ ಬಳಿ ಹೊಗೆಯ ಮರೆಯಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳ ಪ್ರತಿದಾಳಿ. ಸಂಖ್ಯೆಯಲ್ಲಿ ನಮ್ಮವರು ಕಡಿಮೆ. ಸಹಾಯ ಕೇಳಿದ ತುಕಡಿಯ ಕಡೆಗೆ ಅರುಣ್ ಓಡಿದ. ಕೊನೆಕೊನೆಗೆ ಜೊತೆಗಿದ್ದವರಲ್ಲಿ ಒಬ್ಬರಿಗೆ ಗಾಯ, ಇನ್ನೊಬ್ಬರ ತೋಪು ಕೈಕೊಟ್ಟಿತ್ತು. ಈಗ ಹೇಳು, ಅವನೂ ಇಳಿದಿದ್ದರೆ? ಹಿಂದೆ ಇದ್ದದ್ದು ಬರೀ ಬಯಲಲ್ಲ, ಕಾಲಾಳುಗಳು ಮತ್ತು ಆ ಒಂದೇ ದಾರಿ. ಅವತ್ತು ಬಿದ್ದ ಹತ್ತು ಟ್ಯಾಂಕುಗಳಲ್ಲಿ ನಾಲ್ಕು ಅವನೊಬ್ಬನ ಲೆಕ್ಕಕ್ಕೆ. ಕೊನೆಯದು ನೂರು ಮೀಟರ್ ದೂರದಲ್ಲಿತ್ತು ಅಷ್ಟೇ. ಆಮೇಲೆ ಎರಡನೇ ಏಟು ಬಿತ್ತು. ರೇಡಿಯೊ ನೋಡಿಕೊಳ್ಳುತ್ತಿದ್ದ ಸವಾರ್ ನಂದ್ ಸಿಂಗ್ ಕೂಡ ಅದೇ ಟ್ಯಾಂಕಿನಲ್ಲಿ ಹೋದ. ಅವನ ಮನೆಯವರ ಬಗ್ಗೆ ಯಾರೂ ಕೇಳುವುದಿಲ್ಲ.

ಹುಡುಗ ಸುಮ್ಮನಾದ. "ವಯಸ್ಸೆಷ್ಟು ಅಂಕಲ್?" ಇಪ್ಪತ್ತೊಂದು. ಅಧಿಕಾರಿಯಾಗಿ ಸೇರಿದ್ದು ಅದೇ ವರ್ಷ ಜೂನ್ 13ಕ್ಕೆ. ಅಹಮದ್‌ನಗರದಲ್ಲಿ ತರಬೇತಿ ನಡೆಯುತ್ತಿತ್ತು, ಯುದ್ಧ ಬಂತೆಂದು ಅರ್ಧಕ್ಕೇ ಕರೆಸಿಕೊಂಡರು.

ಅವನು ಹೋದ ಮೇಲೆ ತಲೆಯಲ್ಲಿ ಉಳಿದದ್ದು ಯುದ್ಧವಲ್ಲ, ತಾರೀಖುಗಳು. ಅರುಣ್ ತೀರಿಕೊಂಡ ದಿನವೇ, ಡಿಸೆಂಬರ್ 16ರಂದು, ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿ. ಮರುದಿನ ಸಂಜೆ ಪಶ್ಚಿಮದಲ್ಲೂ ಕದನವಿರಾಮ. ಅದೇ 17ರಂದು ಜಮ್ಮುವಿನ ಸಾಂಬಾ ಹತ್ತಿರ ಅರುಣ್‌ನ ದಹನ. ಮನೆಗೆ ತಂತಿ ಮುಟ್ಟಿದ್ದು 26ರಂದು.

ಮೂವತ್ತು ವರ್ಷ ಕಳೆದು, 2001ರಲ್ಲಿ, 81ರ ಅಪ್ಪ ತಾನು ಹುಟ್ಟಿದ ಸರ್ಗೋಧಾ ನೋಡಲು ಪಾಕಿಸ್ತಾನಕ್ಕೆ ಹೋದರು. ಅಲ್ಲಿ ಅವರನ್ನು ಉಪಚರಿಸಿದವರು ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ಕೊನೆಯ ರಾತ್ರಿ ಅವರೇ ಹೇಳಿದರು: ನಿಮ್ಮ ಮಗ ಸತ್ತದ್ದು ನನ್ನ ಕೈಯಿಂದ. ಅಪ್ಪನಿಗಾದರೂ ಕೊನೆಗೆ ಎದುರು ಕೂತು ಹೇಳುವವರೊಬ್ಬರು ಸಿಕ್ಕರು. ಅಮ್ಮ ಮಹೇಶ್ವರಿಯವರಿಗೆ ಸಿಕ್ಕಿದ್ದು ಒಂದು ಕಾಗದದ ಚೂರು.

ಮತ್ತೆ ಆ ಹತ್ತು ದಿನಕ್ಕೇ ಬರುತ್ತೇನೆ. ಯುದ್ಧ ಮುಗಿದ ಸುದ್ದಿ ರೇಡಿಯೊದಲ್ಲಿ ಕೇಳಿಯಾಗಿತ್ತು. ಸೈನಿಕನ ಮನೆಯವರಿಗೆ ಅವನು ಯಾವ ಊರಲ್ಲಿದ್ದಾನೆಂದು ಗೊತ್ತಿರುವುದಿಲ್ಲ. ಹೆಸರು, ರೆಜಿಮೆಂಟು, 56 ಎಪಿಒ ಎಂಬ ಸೇನಾ ಅಂಚೆ ಕಚೇರಿ, ವಿಳಾಸ ಇಷ್ಟೇ. ಆ ದಿನಗಳಲ್ಲಿ ಅಮ್ಮ ಒಂದು ಇನ್‌ಲ್ಯಾಂಡ್ ಬರೆದು ಡಬ್ಬಿಗೆ ಹಾಕಿದ್ದಿದ್ದರೆ, ಅದು ರೆಜಿಮೆಂಟಿನವರೆಗೂ ಹೋಗಿ, ಅಲ್ಲಿ ಯಾರೋ ಒಬ್ಬರು ಅದನ್ನು ಕೈಯಲ್ಲಿ ಹಿಡಿದುಕೊಂಡು, ಒಡೆಯದೆ...